ಮೊದಲು ವಹಿ, ಆಮೇಲೆ ಸಾಲ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಟಿಕೋಟಾ ಕಡೆ ಹೊರಟರೆ ಎಡಬಲಕ್ಕೆ ದ್ರಾಕ್ಷಿ ಪಡ, ಪಡದ ಮಗ್ಗುಲಿಗೆ ಬಲೆ ಹೊದ್ದ ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್ಡು. ಜಮಖಂಡಿ ರಸ್ತೆ ಹಿಡಿದರೆ ಬಬಲೇಶ್ವರ. ಬಿಳಿಜೋಳ, ಕಡಲೆಯನ್ನೇ ನೆಚ್ಚಿಕೊಂಡಿದ್ದ ಅಲ್ಲಿನ ಎರೆಹೊಲಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಮಹಿಳಾ ವಿಶ್ವವಿದ್ಯಾಲಯವಿದೆ, ಎಂಬಿಎ ಓದಿದ ಹುಡುಗ ಹುಡುಗಿಯರಿದ್ದಾರೆ. ಆದರೂ ನಮ್ಮ ಮಣೂಕದ ಬಹುಪಾಲು ತಾಸಗಾಂವ, ಸಾಂಗ್ಲಿಯ ಪೇಟೆಗೆ ಹೋಗಿ ಅಲ್ಲಿ ಕೂಗಿದ ದರಕ್ಕೆ ಬಿಕರಿಯಾಗುತ್ತದೆ. ನಮ್ಮ ಎಂಬಿಎಗಳು ಪುಣೆ, ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಉದ್ಯಮ ಕಟ್ಟುವುದನ್ನು ಕಲಿಸಲು ಬರುತ್ತದೆಯೇ, ಒಂದು ಸಂಸ್ಥೆಯ ಮಾಲಿನ ಗುಣಮಟ್ಟ ಹೇಗೆ ಏರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಅನೇಕ ದೇಶಗಳಲ್ಲಿ ದಶಕಗಳಿಂದ ಸಂಶೋಧನೆ ನಡೆದಿದೆ. ಟಿಕೋಟಾದ ಶೆಡ್ಡಿಗೆ, ಬಬಲೇಶ್ವರದ ರೊಟ್ಟಿ ಮಾಡುವ ಸಂಘಕ್ಕೆ, ನಗರದ ಸಣ್ಣ ವರ್ಕ್‌ಶಾಪಿಗೆ ನೇರವಾಗಿ ಹೊಂದುವುದನ್ನಷ್ಟೇ ಆರಿಸಿ ಇಲ್ಲಿ ಕೊಟ್ಟಿದ್ದೇನೆ. ಹೊಸದಾಗಿ ಶುರು ಮಾಡುವವರಿಗೂ ಇದು ಸಲ್ಲುತ್ತದೆ, ಒಮ್ಮೆ ಮಾಡಿ ಕೈಸುಟ್ಟುಕೊಂಡವರಿಗೂ ಸಲ್ಲುತ್ತದೆ.

1. ದಂಧೆ ರಕ್ತದಲ್ಲಿ ಬರಬೇಕು ಎಂಬ ಮಾತು ಬಿಡಿ

"ವ್ಯಾಪಾರ ನಮ್ಮಂಥೋರಿಗಲ್ಲ, ಅದು ರಕ್ತದಾಗ ಬರಬೇಕು" ಎಂದು ಹೇಳಿ ಹೇಳಿಯೇ ಎಷ್ಟೋ ಮನೆಗಳಲ್ಲಿ ಮಕ್ಕಳ ಕಾಲು ಕಟ್ಟಿದ್ದೇವೆ. ಈ ನಂಬಿಕೆ ಪರೀಕ್ಷೆಗೆ ಒಳಗಾದದ್ದು ನಮ್ಮ ನೆರೆಯ ಆಂಧ್ರದಲ್ಲೇ. 1960ರ ದಶಕದ ನಡುವಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಯಾಂಡ್ ಮತ್ತು ಸಂಗಡಿಗರು ಕಾಕಿನಾಡದ ಸಣ್ಣ ವ್ಯಾಪಾರಸ್ಥರಿಗೆ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಕೆಲವೇ ದಿನಗಳ ಶಿಬಿರ ನಡೆಸಿದರು. ಬಂಡವಾಳ ಕೊಡಲಿಲ್ಲ. ಗುರಿ ಇಟ್ಟುಕೊಳ್ಳುವುದು, ಅದನ್ನು ಎಷ್ಟು ಮುಟ್ಟಿದೆ ಎಂದು ತಾವೇ ನೋಡಿಕೊಳ್ಳುವುದು, ಸೋತರೆ ಹಣೆಬರಹ ಎನ್ನದೆ ಕಾರಣ ಹುಡುಕುವುದು, ಇಷ್ಟನ್ನೇ ಅಭ್ಯಾಸ ಮಾಡಿಸಿದರು. ಊರಿಗೆ ಮರಳಿದ ಮೇಲೆ ಅವರು ಶಿಬಿರಕ್ಕೆ ಹೋಗದವರಿಗಿಂತ ಹೆಚ್ಚು ಹಣ ಹೂಡಿದರು, ಹೆಚ್ಚು ಜನಕ್ಕೆ ಕೆಲಸ ಕೊಟ್ಟರು.

ನಮ್ಮಲ್ಲಿ ಈ ದಾರಿ ಹಿಡಿದದ್ದು ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳನ್ನು ಜೊತೆಗೂಡಿಸಿಕೊಂಡು ಉಜಿರೆಯಲ್ಲಿ ಆರಂಭಿಸಿದ್ದು. ವಿಜಯಪುರದಲ್ಲೂ ಅದರ ಕೇಂದ್ರವಿದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಬಿಡದೆ ವಿಚಾರಿಸುವ ಪದ್ಧತಿ ಅವರದು. ನನ್ನ ಕಣ್ಣಿಗೆ ಆ ಎರಡು ವರ್ಷಗಳೇ ತರಬೇತಿಯ ತಿರುಳು. ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವ ಶಿಬಿರಕ್ಕೆ ಹೋಗಬೇಡಿ.

2. ನಡು ದೂರದಿಂದ ಬಳೆ ಎಸೆಯಿರಿ

ಉದ್ಯಮ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಾರೆ. ನೆಟ್ಟ ಗೂಟಕ್ಕೆ ಬಳೆ ಎಸೆದು ಹಾಕಬೇಕು, ಎಷ್ಟು ದೂರದಿಂದ ಎಂಬುದು ನಿಮ್ಮ ಇಷ್ಟ. ಕೆಲವರು ಗೂಟದ ನೆತ್ತಿಯ ಮೇಲೇ ನಿಂತು ಹಾಕುತ್ತಾರೆ, ಕೆಲವರು ಗೋಡೆಯ ತನಕ ಹಿಂದೆ ಹೋಗಿ ಎಸೆಯುತ್ತಾರೆ. ಏನಾದರೂ ಸಾಧಿಸಬೇಕೆಂಬ ಹಂಬಲ ಗಟ್ಟಿಯಾಗಿರುವವರು ನಡು ದೂರ ಆರಿಸಿಕೊಳ್ಳುತ್ತಾರೆ ಎಂಬುದು ಮೆಕ್‌ಲೆಲ್ಯಾಂಡ್ ಕಂಡ ಸಂಗತಿ. ಕಷ್ಟಪಟ್ಟರೆ ಬೀಳುತ್ತದೆ, ಕಷ್ಟಪಡದಿದ್ದರೆ ಬೀಳುವುದಿಲ್ಲ, ಆ ದೂರ.

ಬಬಲೇಶ್ವರದ ಹೊಲಕ್ಕೆ ನೀರು ಬಂತೆಂದು ಇದ್ದಬಿದ್ದ ಭೂಮಿಯಷ್ಟಕ್ಕೂ ಸಾಲ ಮಾಡಿ ದ್ರಾಕ್ಷಿ ಹಚ್ಚುವುದು ಗೋಡೆಗೆ ಬೆನ್ನು ತಾಗಿಸಿ ಎಸೆಯುವ ಬಳೆ. ಕಂಬ, ತಂತಿ, ಡ್ರಿಪ್ಪು, ಬಳ್ಳಿ ಸವರುವ ಎರಡು ಚಾಟ್ನಿ, ಔಷಧಿ, ಎಲ್ಲದರ ಖರ್ಚು ಮುಂಗಡ, ಆದಾಯ ತಡ, ನಡುವೆ ಅಕಾಲದ ಮಳೆ. ಒಂದು ಎಕರೆಯಿಂದ ಶುರು ಮಾಡಿ. ಆ ಎಕರೆಯ ಲೆಕ್ಕ ನಿಮ್ಮ ವಹಿಯಲ್ಲಿ ಪೂರ್ತಿಯಾಗಿ ಕೂತ ಮೇಲೆ ಎರಡನೆಯದು.

3. ಎರಡು ಡಬ್ಬಿ ಇಡಿ

ಡೊಮಿನಿಕನ್ ಗಣರಾಜ್ಯದಲ್ಲಿ ಸಣ್ಣ ವ್ಯಾಪಾರಸ್ಥರ ಒಂದು ಗುಂಪಿಗೆ ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದರು, ಇನ್ನೊಂದು ಗುಂಪಿಗೆ ಮನೆಯ ಹಣ ಮತ್ತು ಅಂಗಡಿಯ ಹಣವನ್ನು ಬೇರೆ ಬೇರೆ ಇಡುವಂಥ ಕೆಲವು ಸರಳ ಕಟ್ಟಳೆಗಳನ್ನು ಮಾತ್ರ ಹೇಳಿಕೊಟ್ಟರು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸುಧಾರಿಸಿದ್ದು ಎರಡನೆಯ ಗುಂಪು. ಆದ್ದರಿಂದ ಡೆಬಿಟ್ಟು ಕ್ರೆಡಿಟ್ಟು ಬರುವುದಿಲ್ಲ ಎಂದು ಹೆದರಬೇಡಿ. ಗಲ್ಲಾದ ಹಣದಿಂದ ಮನೆಯ ಕಿರಾಣಿ ತರಬೇಡಿ. ನಿಮಗೆ ನೀವೇ ತಿಂಗಳ ಪಗಾರ ಗೊತ್ತುಮಾಡಿ, ಅದನ್ನು ಅಂಗಡಿ ಡಬ್ಬಿಯಿಂದ ಮನೆ ಡಬ್ಬಿಗೆ ಹಾಕಿ, ವಹಿಯಲ್ಲಿ ಬರೆಯಿರಿ. ತಿಂಗಳ ಕೊನೆಗೆ ದಂಧೆ ಉಳಿಸಿದೆಯೋ ಕಳೆದಿದೆಯೋ ಆಗ ತಾನೇ ಕಾಣುತ್ತದೆ. ಇದು ಕಾಣುವ ಮೊದಲು ಬ್ಯಾಂಕಿನ ಮೆಟ್ಟಿಲು ಹತ್ತಬೇಡಿ.

4. ಗಿರಾಕಿ ಬರಲಿ ಎಂದು ಕೂರಬೇಡಿ

ಪಶ್ಚಿಮ ಆಫ್ರಿಕದ ಟೋಗೋ ದೇಶದಲ್ಲಿ 1,500 ಸಣ್ಣ ಉದ್ಯಮಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟದ ಮಾಮೂಲಿ ಪಾಠ. ಇನ್ನೊಂದಕ್ಕೆ ಯಾರೂ ಹೇಳುವ ಮೊದಲೇ ತಾವೇ ಮುಂದಾಗುವ, ಮುಂದಿನ ಅಡ್ಡಿಯನ್ನು ಮೊದಲೇ ಊಹಿಸುವ, ಸೋತರೂ ಬೇರೆ ದಾರಿ ಹಿಡಿಯುವ ಅಭ್ಯಾಸ. ಮೂರನೆಯದಕ್ಕೆ ಏನೂ ಇಲ್ಲ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿದೆ: ಮುಂದಾಗುವುದನ್ನು ಕಲಿತವರ ಲಾಭ 30% ಏರಿತು, ಮಾಮೂಲಿ ಪಾಠದವರ 11% ಏರಿಕೆ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು.

"ನಮ್ಮ ಮಾಲು ಚಲೋನ ಐತ್ರಿ, ಅಡತಿಯವರು ರೇಟ್ ಕೊಡಂಗಿಲ್ಲ" ಎಂಬ ಮಾತು ಟಿಕೋಟಾದ ಕಡೆ ನಿತ್ಯ ಕೇಳುತ್ತದೆ. ಅದು ನಿಜವೇ ಇರಬಹುದು. ಆದರೆ ಅರ್ಧ ಕಿಲೋದ ಪಾಕೀಟು ಮಾಡಿ ಸೊಲ್ಲಾಪುರ, ಕಲಬುರಗಿ, ಹುಬ್ಬಳ್ಳಿಯ ಬೇಕರಿಗೆ, ಮಿಠಾಯಿ ಅಂಗಡಿಗೆ ಒಯ್ದು "ನಿಮಗೆ ಎಂಥ ಮಣೂಕ ಬೇಕ್ರಿ, ಯಾವ ಗಾತ್ರ, ಯಾವ ಬಣ್ಣ" ಎಂದು ಕೇಳಿದವರು ಎಷ್ಟು ಜನ? ವಿಜಯಪುರದಲ್ಲೇ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಅಲ್ಲೊಂದು ಮೇಜು ಹಾಕಿ, ಮಾರುವುದಕ್ಕಿಂತ ಹೆಚ್ಚಾಗಿ ಕೇಳಿ ತಿಳಿಯಿರಿ.

5. ಅಕ್ಕ ತಂಗಿಯರೇ, ತರಬೇತಿಗೆ ಒಬ್ಬರೇ ಹೋಗಬೇಡಿ

ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳಾ ಗ್ರಾಹಕರಿಗೆ ಎರಡು ದಿನದ ಉದ್ಯಮ ತರಬೇತಿ ಕೊಟ್ಟಾಗ ಕೆಲವರಿಗೆ ಗೆಳತಿಯನ್ನು ಜೊತೆಗೆ ಕರೆತರಲು ಹೇಳಿದ್ದರು. ಗೆಳತಿಯೊಂದಿಗೆ ಬಂದವರು ಮುಂದೆ ಹೆಚ್ಚು ಸಾಲ ಪಡೆದು ದಂಧೆಗೆ ಹಾಕಿದರು, ಅವರ ಮನೆಯ ಆದಾಯವೂ ಏರಿತು. ಒಬ್ಬರೇ ಬಂದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸ್ವಸಹಾಯ ಸಂಘದಿಂದ ಒಬ್ಬಾಕೆಯನ್ನು ಕಳಿಸಿ "ಬಂದು ಎಲ್ಲರಿಗೂ ಹೇಳವ್ವ" ಎನ್ನುವ ರೂಢಿಯನ್ನು ಈ ಕಾರಣಕ್ಕೇ ಬದಲಿಸಬೇಕು. ಇಬ್ಬರು ಹೋಗಲಿ, ಮೂವರಾದರೆ ಇನ್ನೂ ಒಳ್ಳೆಯದು.

6. ಚಲೋ ಐತಿ ಎನ್ನುವ ಮೊದಲು ಅಳೆಯಿರಿ

ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಮುಂಬೈ ಆಸುಪಾಸಿನ 17 ಬಟ್ಟೆ ಗಿರಣಿ ಕಂಪನಿಗಳಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ವಿಶ್ವಬ್ಯಾಂಕಿನ ಸಂಶೋಧಕರು ಒಂದು ಪ್ರಯೋಗ ಮಾಡಿದರು, 2013ರಲ್ಲಿ ಅದು ಪ್ರಕಟವಾಯಿತು. ಆರಿಸಿದ ಗಿರಣಿಗಳಲ್ಲಿ 38 ಸರಳ ರೂಢಿಗಳನ್ನು ಜಾರಿಗೆ ತರಲು ನೆರವಾದರು. ಎಲ್ಲ ಮಾಮೂಲಿ ಸಂಗತಿಗಳೇ: ಬಟ್ಟೆಯ ದೋಷವನ್ನು ದಿನವೂ ಬಗೆಬಗೆಯಾಗಿ ಬರೆದಿಡುವುದು, ಆ ಬರಹವನ್ನು ಹಿಡಿದು ದಿನವೂ ಕೂತು ಮಾತಾಡುವುದು, ನೂಲಿನ ದಾಸ್ತಾನು ಎಣಿಸುವುದು, ಯಂತ್ರ ಕೆಡುವ ಮೊದಲೇ ನೋಡಿಕೊಳ್ಳುವುದು. ಮೊದಲ ವರ್ಷದಲ್ಲೇ ಉತ್ಪಾದಕತೆ 17% ಏರಿತು. ಮೊದಲೇಕೆ ಇದನ್ನು ಮಾಡಿರಲಿಲ್ಲ? ಬಹಳ ಮಾಲೀಕರು ಇಂಥ ರೂಢಿಗಳ ಬಗ್ಗೆ ಕೇಳಿಯೇ ಇರಲಿಲ್ಲ, ಕೇಳಿದವರು ನಮಗೆ ಇದರಿಂದ ಲಾಭವಿಲ್ಲ ಎಂದುಕೊಂಡಿದ್ದರು.

ಈಗ ಮಣೂಕಕ್ಕೆ ಬನ್ನಿ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ. ಹಣ್ಣಿನ ಸಕ್ಕರೆ 22 ಬ್ರಿಕ್ಸ್ ಸಮೀಪಕ್ಕೆ ಬರುವ ಮೊದಲೇ ಕೊಯ್ದರೆ ಅದೇ ಒಂದು ಕಿಲೋಗೆ ಇನ್ನಷ್ಟು ಹಣ್ಣು ಬೇಕು. ಹಣ್ಣನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಎರಡರಿಂದ ನಾಲ್ಕು ನಿಮಿಷ ಅದ್ದುತ್ತಾರೆ. ಇದರಿಂದ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಹೊರಬರುತ್ತದೆ. ನೆರಳಿನ ರ‍್ಯಾಕಿನಲ್ಲಿ ಎರಡು ವಾರದ ಸುಮಾರು ಒಣಗಿ ತೇವಾಂಶ 15%ರ ಆಸುಪಾಸಿಗೆ ಇಳಿಯಬೇಕು. ಈ ಪ್ರತಿ ಹಂತದಲ್ಲೂ ಅಳೆಯಬಹುದಾದ ಒಂದು ಅಂಕಿ ಇದೆ. ಸಕ್ಕರೆ ಅಳೆಯುವ ರಿಫ್ರ್ಯಾಕ್ಟೊಮೀಟರ್ ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ, ನಿಮಿಷ ಎಣಿಸಲು ಮೊಬೈಲು ಸಾಕು.

ವಹಿಯ ಒಂದು ಹಾಳೆಗೆ ಏಳು ಮನೆ ಗೀರಿ: ತಾರೀಖು, ಯಾವ ಪ್ಲಾಟಿನ ಹಣ್ಣು, ಬ್ರಿಕ್ಸ್ ಎಷ್ಟು, ಎಷ್ಟು ನಿಮಿಷ ಅದ್ದಿದ್ದು, ಯಾವ ರ‍್ಯಾಕ್, ಎಷ್ಟು ದಿನಕ್ಕೆ ಒಣಗಿತು, ಆರಿಸಿದಾಗ ಒಂದನೇ ನಂಬರಿನ ಮಾಲು ಎಷ್ಟು. ಹಂಗಾಮು ಮುಗಿದಾಗ ಕಪ್ಪಾದ ಮಾಲು ಎಲ್ಲಿಂದ ಬಂತೆಂದು ನೋಡಿ. ಅದರ ಬಹುಭಾಗ ಒಂದೆರಡು ಕಾರಣಗಳಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಆ ಒಂದೆರಡನ್ನು ಮಾತ್ರ ಮುಂದಿನ ವರ್ಷ ಹಿಡಿಯಿರಿ.

ರೊಟ್ಟಿಯವರಿಗೆ ಇನ್ನೂ ಸುಲಭ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಒಂದೇ ಪುಟದ ಟಿಪ್ಪಣಿಯಲ್ಲಿ ತೋರಿಸಿದ ನಕ್ಷೆ ಇವತ್ತಿಗೂ ದೊಡ್ಡ ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ದಿನವೂ ಹತ್ತು ಕಡಕ್ ರೊಟ್ಟಿ ತೂಗಿ, ಸರಾಸರಿ ತೂಕಕ್ಕೆ ಗೋಡೆಯ ಮೇಲಿನ ಹಾಳೆಯಲ್ಲಿ ಒಂದು ಚುಕ್ಕಿ ಇಡಿ. ಸಣ್ಣ ಏರಿಳಿತ ಸಹಜ, ಅದಕ್ಕಾಗಿ ಯಾರನ್ನೂ ಬೈಯಬೇಡಿ. ಒಂದು ದಿನ ಚುಕ್ಕಿ ಎಂದಿನ ಸಾಲು ಬಿಟ್ಟು ದೂರ ಬಿದ್ದರೆ ಮಾತ್ರ ಹಿಟ್ಟು ಬದಲಾಯಿತೇ, ಕೈ ಬದಲಾಯಿತೇ, ಹಂಚು ಬದಲಾಯಿತೇ ಎಂದು ಹುಡುಕಿ.

7. ಐದು ಸಲ "ಯಾಕ?" ಎಂದು ಕೇಳಿ

ಟೊಯೋಟ ಕಂಪನಿಯ ಪದ್ಧತಿ ಇದು. ಬಿಡದಿಯ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಶೆಡ್ಡಿನಲ್ಲಿ ಹೀಗೆ ನಡೆಯಬಹುದು.

ಮಣೂಕ ಕಪ್ಪಾತು. ಯಾಕ? ಒಣಗಾಕ ಹೆಚ್ಚು ದಿನ ಹಿಡೀತು. ಯಾಕ? ಕೆಳಗಿನ ರ‍್ಯಾಕಿಗೆ ಗಾಳಿ ಆಡಲಿಲ್ಲ. ಯಾಕ? ಹಣ್ಣು ದಪ್ಪಗೆ ಹರವಿದ್ವಿ. ಯಾಕ? ಎಲ್ಲಾ ಪ್ಲಾಟು ಒಂದೇ ದಿನ ಕೊಯ್ದು ತಂದ್ವಿ. ಯಾಕ? ಆಳಿನ ಗ್ಯಾಂಗು ಆ ಒಂದು ದಿನ ಮಾತ್ರ ಸಿಕ್ತು.

ಮೊದಲ "ಯಾಕ"ಕ್ಕೆ ನಿಂತಿದ್ದರೆ ಔಷಧಿ ಅಂಗಡಿಗೆ ಓಡಿ ಇನ್ನೊಂದು ಡಬ್ಬಿ ತರುತ್ತಿದ್ದೆವು. ಐದನೆಯದಕ್ಕೆ ಹೋದಾಗ ಉಪಾಯ ಬೇರೆ ಎಂದು ತಿಳಿಯುತ್ತದೆ. ನೆರೆಯ ಇಬ್ಬರು ಮೂವರು ಬೆಳೆಗಾರರು ಕೂಡಿ ಗ್ಯಾಂಗಿನೊಂದಿಗೆ ಮೊದಲೇ ಮಾತಾಡಿ ಕೊಯ್ಲಿನ ದಿನ ಹಂಚಿಕೊಂಡರೆ ಮುಗಿಯಿತು. ಅದಕ್ಕೆ ರೂಪಾಯಿ ಖರ್ಚಿಲ್ಲ. ಒಂದು ಎಚ್ಚರಿಕೆ: "ಯಾಕ" ಎಂಬುದು "ಯಾರು" ಎಂದಾಗಬಾರದು. ತಪ್ಪು ಮಾಡಿದವರ ಹೆಸರು ಹುಡುಕಲು ಹೊರಟ ದಿನವೇ ಶೆಡ್ಡಿನಲ್ಲಿ ಎಲ್ಲರೂ ಸುಳ್ಳು ಬರೆಯತೊಡಗುತ್ತಾರೆ.

8. ಆರಿಸುವ ಕೈಗಳನ್ನು ಕೇಳಿ

ಮಣೂಕ ಹಸನು ಮಾಡುವ, ಬಣ್ಣ ಗಾತ್ರ ನೋಡಿ ಬೇರ್ಪಡಿಸುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಯಾವ ಚೀಲದಲ್ಲಿ ಕಡ್ಡಿ ಜಾಸ್ತಿ, ಯಾವುದರಲ್ಲಿ ಧೂಳು ಜಾಸ್ತಿ ಎಂಬುದು ಮಾಲೀಕರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಕೇಳುವವರಿಲ್ಲ. ಜಪಾನಿನಲ್ಲಿ 1962ರಿಂದ ಕೆಲಸಗಾರರ ಸಣ್ಣ ಗುಂಪುಗಳು ವಾರಕ್ಕೊಮ್ಮೆ ಕೂತು ತಮ್ಮ ಕೆಲಸದ ತೊಡಕನ್ನು ತಾವೇ ಬಿಡಿಸತೊಡಗಿದವು, ಕ್ವಾಲಿಟಿ ಸರ್ಕಲ್ ಎಂದರೆ ಅದೇ. ಭಾರತಕ್ಕೆ ಅದು ಬಂದದ್ದು 1980ರ ಸುಮಾರಿಗೆ ಹೈದರಾಬಾದಿನ ಬಿಎಚ್‌ಇಎಲ್ ಕಾರ್ಖಾನೆಗೆ. ಅಲ್ಲಿ ಹಿರಿಯ ಅಧಿಕಾರಿಯಾಗಿದ್ದ ಎಸ್. ಆರ್. ಉಡುಪ ಅದರ ಮುಂದಾಳು. ವಾರಕ್ಕೆ ಅರ್ಧ ತಾಸು, ಚಹಾ ಕೊಟ್ಟು, ಪಗಾರದ ಸಮಯದಲ್ಲೇ ಕೂರಿಸಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಮರುವಾರದೊಳಗೆ ಮಾಡಿ ತೋರಿಸಿ. ಮಾಡದಿದ್ದರೆ ಮೂರನೇ ವಾರ ಯಾರೂ ಬಾಯಿ ಬಿಡುವುದಿಲ್ಲ.

9. ಒಂದು ಸಲಕ್ಕೆ ಒಂದೇ ಬದಲಾವಣೆ

ಅದ್ದುವ ನಿಮಿಷ ಬದಲಿಸುವುದಾದರೆ ಈ ಸಲ ಅದನ್ನೊಂದೇ ಬದಲಿಸಿ, ಅದೂ ಒಂದು ರ‍್ಯಾಕಿನಲ್ಲಿ. ಪಕ್ಕದ ರ‍್ಯಾಕ್ ಹಳೆಯ ರೀತಿಯಲ್ಲೇ ಇರಲಿ. ಎರಡನ್ನೂ ತೂಗಿ, ಬರೆದು, ಗೆದ್ದದ್ದನ್ನು ಎಲ್ಲ ರ‍್ಯಾಕಿಗೂ ತನ್ನಿ. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗರಿಗೆ ಹೇಳಿದ ಗುಣಮಟ್ಟದ ಪಾಠದಿಂದ ಮುಂದೆ ಬೆಳೆದ ಸೂತ್ರವೂ ಇದೇ: ಯೋಚಿಸು, ಸಣ್ಣದಾಗಿ ಮಾಡು, ನೋಡು, ತಿದ್ದು.

10. ಚೊಕ್ಕ ಇರಲಿ

ಬೇಡದ್ದನ್ನು ಹೊರಹಾಕಿ. ಬೇಕಾದದ್ದಕ್ಕೆ ಜಾಗ ಗೊತ್ತುಮಾಡಿ. ಗುಡಿಸಿ, ಒರೆಸಿ. ಅದನ್ನೇ ನಿತ್ಯದ ರೂಢಿ ಮಾಡಿ. ಔಷಧಿ ಡಬ್ಬಿಯೂ ತಿನ್ನುವ ಮಾಲೂ ಒಂದೇ ಕೋಣೆಯಲ್ಲಿ ಇರಕೂಡದು.

11. ಹಳಕಟ್ಟಿಯವರನ್ನು ಉದ್ಯಮಿಯಾಗಿಯೂ ಓದಿ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ವಚನ ಪಿತಾಮಹ ಎಂದು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಸಂಸ್ಥೆ ಕಟ್ಟುವವರಿಗೆ ಅವರ ಬದುಕಿನಲ್ಲಿರುವ ಪಾಠವನ್ನು ನಮ್ಮ ಯಾವ ಎಂಬಿಎ ತರಗತಿಯಲ್ಲೂ ಹೇಳುವುದನ್ನು ನಾನು ಕೇಳಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿ ಮಾಡಲು ವಿಜಯಪುರಕ್ಕೆ ಬಂದವರು. 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ಕಲಿಸುವ ಸಂಸ್ಥೆಗೂ ಸಾಲ ಕೊಡುವ ಸಂಸ್ಥೆಗೂ ನಡುವೆ ಎರಡೇ ವರ್ಷ! ಕಲಿತವನ ಕೈಗೆ ಬಂಡವಾಳ ಸಿಗಬೇಕು, ಬಂಡವಾಳ ಪಡೆದವನಿಗೆ ಕಲಿಕೆ ಇರಬೇಕು ಎಂಬುದನ್ನು ರುಡ್‌ಸೆಟ್ ಹುಟ್ಟುವ ಎಪ್ಪತ್ತು ವರ್ಷ ಮೊದಲೇ ಈ ಊರಲ್ಲಿ ಒಬ್ಬರು ಮಾಡಿ ತೋರಿಸಿದ್ದರು.

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಮುಂದೆ ಪರರ ಮುದ್ರಣಾಲಯ ನೆಚ್ಚಿಕೊಳ್ಳದೆ, ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯಿತು. ಮನೆ ಮಾರಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅವರದು ದಂಧೆಯಲ್ಲ, ವ್ರತ. ಕಲಿಯಬೇಕಾದದ್ದು ಇಷ್ಟು: ತನ್ನ ಕೆಲಸದ ಗುಣಮಟ್ಟ ಯಾವ ಹಂತದಲ್ಲಿ ನಿರ್ಧಾರವಾಗುತ್ತದೋ ಆ ಹಂತವನ್ನು ತನ್ನ ಕೈಗೆ ತೆಗೆದುಕೊಳ್ಳುವುದು. ಮಣೂಕದಲ್ಲಿ ಆ ಹಂತ ಆರಿಸುವುದು ಮತ್ತು ಪಾಕೀಟು ಕಟ್ಟುವುದು. ಆ ಕೆಲಸ ಟಿಕೋಟಾದಲ್ಲೇ ಆಗಬೇಕು.

12. ಸರ್ಕಾರದ ದುಡ್ಡು ಕೇಳಿ ಪಡೆಯಿರಿ

ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಹಣ ಕೇಳುವ ಮಧ್ಯವರ್ತಿಯನ್ನು ದೂರ ಇಡಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಜೋಡಿಸಿದ 35% ಸಹಾಯಧನವಿದೆ, ಮಿತಿ 10 ಲಕ್ಷ ರೂಪಾಯಿ. ಅದರ ಮೇಲೆ ಕರ್ನಾಟಕ ಸರ್ಕಾರ ಇನ್ನೂ 15% ಸೇರಿಸಿತು. ಈಗಿನ ನಿಯಮವನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. 2022ರಲ್ಲಿ ಹೊಸ ರೂಪದಲ್ಲಿ ಬಂದ ಜೆಡ್ ಗುಣಮಟ್ಟ ಪ್ರಮಾಣಪತ್ರಕ್ಕೆ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಮೆಟ್ಟಿಲು. ಅದರ ಶುಲ್ಕದಲ್ಲಿ ಕಿರು ಉದ್ಯಮಕ್ಕೆ 80% ಸಹಾಯಧನ, ಮಹಿಳೆಯರ ಒಡೆತನದ ಉದ್ಯಮಕ್ಕೆ ಪೂರ್ತಿ. ಪ್ರಮಾಣಪತ್ರ ಗೋಡೆಗೆ ತೂಗುಹಾಕಲು ಅಲ್ಲ. ಅದಕ್ಕಾಗಿ ಸಿದ್ಧವಾಗುವಾಗ ನೀವು ಬರೆದಿಡುವ ವಿವರಗಳಲ್ಲಿ ನಿಜವಾದ ಲಾಭವಿದೆ.

13. ಮಗ, ಸೊಸೆ ಇಬ್ಬರಿಗೂ ವಹಿ ಕಲಿಸಿ

ಮುಂಬೈನ ಅದೇ ಗಿರಣಿಗಳಿಗೆ ಸಂಶೋಧಕರು ಎಂಟೊಂಬತ್ತು ವರ್ಷದ ಮೇಲೆ ಮತ್ತೆ ಹೋದರು. ಕಲಿಸಿದ ರೂಢಿಗಳಲ್ಲಿ ಅರ್ಧದಷ್ಟು ಬಿಟ್ಟುಹೋಗಿದ್ದವು. ಮುಖ್ಯ ಕಾರಣಗಳಲ್ಲಿ ಎರಡು: ಕಲಿತ ಮ್ಯಾನೇಜರ್ ಕೆಲಸ ಬಿಟ್ಟಿದ್ದ, ಮಾಲೀಕರಿಗೆ ಪುರುಸೊತ್ತು ಇರಲಿಲ್ಲ. ನಮ್ಮ ಸಣ್ಣ ಉದ್ಯಮಗಳಲ್ಲಿ ಎಲ್ಲ ವಿವರ ಒಬ್ಬರ ತಲೆಯಲ್ಲಿ ಇರುತ್ತದೆ. ಅವರು ಹಾಸಿಗೆ ಹಿಡಿದರೆ ಉದ್ಯಮವೂ ಹಾಸಿಗೆ ಹಿಡಿಯುತ್ತದೆ. ಯಾವ ಕೆಲಸ ಹೇಗೆ ಮಾಡಬೇಕೆಂದು ದಪ್ಪ ಅಕ್ಷರದಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿ, ಮನೆಯ ಇನ್ನೂ ಇಬ್ಬರಿಗೆ ಕಲಿಸಿ.

14. ಕೊನೆಯದು ಕಾಲೇಜಿನವರಿಗೆ

ಮೇಲೆ ಹೇಳಿದ ಅಧ್ಯಯನಗಳು ಕಾಕಿನಾಡ, ಅಹಮದಾಬಾದ್, ಮುಂಬೈ, ಡೊಮಿನಿಕನ್ ಗಣರಾಜ್ಯ, ಟೋಗೋ ಸೀಮೆಯವು, ಅವುಗಳಲ್ಲಿ ನಮ್ಮ ಸೀಮೆಯದು ಒಂದೂ ಇಲ್ಲ. ವಿಜಯಪುರದ ಉಪನ್ಯಾಸಕರಿಗೆ ನನ್ನ ಕಳಕಳಿಯ ಮನವಿ: ಎಂಬಿಎ ಪ್ರಾಜೆಕ್ಟಿಗೆ ಮಕ್ಕಳನ್ನು ಬೆಂಗಳೂರಿನ ಕಂಪನಿಗೆ ಕಳಿಸುವ ಬದಲು ಜನವರಿಯಿಂದ ಏಪ್ರಿಲ್ ತನಕ ಟಿಕೋಟಾಕ್ಕೆ ಕಳಿಸಿ. ಅರ್ಧ ಶೆಡ್ಡುಗಳಲ್ಲಿ ಏಳು ಮನೆಯ ವಹಿ ಇಡಿಸಿ, ಇನ್ನರ್ಧದಲ್ಲಿ ಇಡಿಸಬೇಡಿ, ಒಂದನೇ ನಂಬರಿನ ಮಾಲು ಎಲ್ಲಿ ಹೆಚ್ಚಾಯಿತೆಂದು ತೂಗಿ ನೋಡಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೆಳಗಿನ ರ‍್ಯಾಕಿಗೆ ಗಾಳಿ ಆಡುವಂತೆ ಮಾಡಲಿ, ಹಿಟ್ನಳ್ಳಿಯ ಕೃಷಿ ಕಾಲೇಜಿನವರು ಬ್ರಿಕ್ಸ್ ನೋಡಿಕೊಳ್ಳಲಿ, ಮಹಿಳಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಬಬಲೇಶ್ವರದ ರೊಟ್ಟಿ ಸಂಘಗಳಲ್ಲಿ ಕೂರಲಿ. ಬಂದ ಫಲಿತಾಂಶವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಎಪಿಎಂಸಿಯ ಗೋಡೆಗೆ ಅಂಟಿಸಿ, ವಹಿ ಸೋತಿದ್ದರೂ ಅಂಟಿಸಿ. ಟಿಕೋಟಾ ನಿಮ್ಮ ಕಾಲೇಜಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಬರುವ ಹಂಗಾಮಿಗೇ ಹೊರಡಿ.